ಎಲ್ಲರ ಕಣ್ಣಿಗೂ ಬಿದ್ದ ಕೆಂಪು

“ಲಿವರ್ರಾ? ಅಂದ್ರೆ ನೀನು ಕುಡೀತಿದ್ಯೇನಮ್ಮಾ?”

ಈ ಪರದೇಶದ ಊರು ನ್ಯೂ ಲಿನ್‌ನ ನಮ್ಮ ಮನೆಗೆ ನನ್ನನ್ನು ನೋಡಲು ಬಂದ, ಮನೆಮನೆಯಿಂದ ಅಡುಗೆ ತಂದು ಹಂಚಿ ಉಣ್ಣುವ ನಮ್ಮ ಕನ್ನಡದವರ ಪಾಟ್‌ಲಕ್ ಗುಂಪಿನ ಸರೋಜಾ ಆಂಟಿ, ಫೋನಿನಲ್ಲಿ ನನ್ನ ಸ್ಕ್ಯಾನ್ ಚಿತ್ರ ನೋಡಿ ಕೇಳಿದ ಮೊದಲ ಪ್ರಶ್ನೆ. ಹಬ್ಬದ ಪಾನಕ ಬಿಟ್ಟು ಬೇರೇನೂ ಕುಡಿದವಳಲ್ಲ ನಾನು. ಆದರೂ ವಿವರಿಸಿದೆ: ಸಣ್ಣ ಕರುಳಿನಲ್ಲಿ ಕಡಲೆಕಾಳಿನಷ್ಟು ಕಾರ್ಸಿನಾಯ್ಡ್ ಎಂಬ, ನಿಧಾನಕ್ಕೆ ಬೆಳೆಯುವ ಕ್ಯಾನ್ಸರ್ ಗೆಡ್ಡೆ ಹುಟ್ಟಿ ಲಿವರಿಗೆ ಹರಡಿದೆ. ಸ್ಕ್ಯಾನಿಗೆ ಮುಂಚೆ ಕೊಟ್ಟ ಇಂಜೆಕ್ಷನ್ನಿನ ಔಷಧಿ ಅಂಟಿಕೊಂಡು ಆ ಗೆಡ್ಡೆಗಳೇ ಹೀಗೆ ಹೊಳೆಯುತ್ತಿವೆ. ಊಟವಾದ ಮೇಲೆ ನನ್ನ ಮುಖ ಕೆಂಪೇರುತ್ತಿದ್ದುದೂ ಅವುಗಳ ಕಾಟವೇ. ನಾನೋ, ಸಾರಿನ ಖಾರ ಎಂದುಕೊಂಡಿದ್ದೆ.

ಆಂಟಿ ತಲೆಯಾಡಿಸಿದರು. “ಆ ಕೆಂಪು ನಾವೆಲ್ಲ ಹೋದ ವರ್ಷದಿಂದ್ಲೂ ನೋಡ್ತಿದೀವಲ್ಲ. ಪಾಟ್‌ಲಕ್ಕಿಗೆ ಇವ್ಳು ಮನೇಲೇ ವೈನ್ ಹಾಕ್ಕೊಂಡು ಬರ್ತಾಳೆ ಅಂತ ಮಾತಾಡ್ಕೊಳ್ತಿದ್ವಿ.”

ಎಂಥ ತಜ್ಞರ ಮಂಡಳಿ! ಸ್ಕ್ಯಾನ್ ಮಷೀನಿಗಿಂತ ಮೊದಲೇ ರೋಗ ಇವರ ಕಣ್ಣಿಗೆ ಬಿದ್ದಿತ್ತು. ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ವರದಿಯೂ ಹೋಗಿತ್ತು. ಒಬ್ಬರಾದರೂ ಅದನ್ನು ನನ್ನ ಮುಖಕ್ಕೇ ಹೇಳಿದ್ದರೆ, ಕುಡಿದಿಲ್ಲವೆಂದು ತೋರಿಸುವ ಹಟಕ್ಕಾದರೂ ಆಗಲೇ ಡಾಕ್ಟರ ಬಳಿ ಓಡುತ್ತಿದ್ದೆ.