ಹುಳ ಕೆಡಿಸಿದ ಚೌಕಾಬಾರ

ನಮ್ಮಣ್ಣ ಈ ಯುಗಾದಿಯವರೆಗೂ ನೆಂಟರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ, ಚೌಕಾಬಾರದಲ್ಲಿ ತಂಗಿ ತನ್ನನ್ನು ಒಮ್ಮೆಯೂ ಸೋಲಿಸಿಲ್ಲವಂತೆ. ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೊಮ್ಮಗಳನ್ನು ಕಂಡ ಗಂಡಸು ಇಷ್ಟು ಜಂಬ ಕೊಚ್ಚಿಕೊಳ್ಳಬಹುದೇ?

ಸೋಲಿಸಬಹುದಾಗಿದ್ದ ದಿನವೊಂದಿತ್ತು. ಅದನ್ನು ಕೆಡಿಸಿದ್ದು ರೇಷ್ಮೆಹುಳ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ.

ಕನಕಪುರದ ಆಚೆಗಿನ ನಮ್ಮೂರಲ್ಲಿ ಆಗ ಹುಳಕ್ಕೆಂದು ಬೇರೆ ಮನೆ ಇರಲಿಲ್ಲ. ನಮ್ಮ ನಡುಮನೆಯೇ ಅವುಗಳ ಮನೆ. ಹುಳ ಬಂತೆಂದರೆ ನಾವು ಹಾಸಿಗೆ ಸುತ್ತಿಕೊಂಡು ಜಗಲಿಗೆ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಬೆಳ್ಳುಳ್ಳಿ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಶಾಲೆಗೆ ಹೊರಟಾಗ ಪೌಡರ್ ಕೂಡ ಹಚ್ಚಿಕೊಳ್ಳುವಂತಿಲ್ಲ. ಹುಳಕ್ಕೆ ವಾಸನೆ ಆಗಿಬರುವುದಿಲ್ಲವಲ್ಲ! ಸಪ್ಪೆ ಸಾರಿನಲ್ಲಿ ಮುದ್ದೆ ನುಂಗಿ ನುಂಗಿ ನನಗೆ ರೋಸಿಹೋಗಿತ್ತು. ಹುಳ ಮೇವು ಬಿಟ್ಟು, ಪೊರೆ ಕಳಚಲು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಮ್ಮೆ ನಾನು ನಿಜವಾದ ಜ್ವರ ಬಂದು ನರಳುತ್ತಿದ್ದರೆ ಅಜ್ಜಿ, "ಒಸಿ ಮೆಲ್ಲಕ್ಕೆ ನರಳಮ್ಮಿ, ಹುಳ ಜ್ವರಕ್ಕೆ ಕುಂತವೆ" ಅಂದಳು. ಇದು ಯಾವ ಊರ ನ್ಯಾಯ?

ಆದರೂ ಆ ಜಗಲಿ ಎಷ್ಟು ಚೆನ್ನಾಗಿತ್ತು! ಇದ್ದಿಲಿನಲ್ಲಿ ಚೌಕಾಬಾರದ ಮನೆ ಬರೆದು, ಹುಣಸೆಬೀಜದ ಒಂದು ಮಗ್ಗುಲನ್ನು ಬೆಳ್ಳಗಾಗುವವರೆಗೆ ಕಲ್ಲಿಗೆ ಉಜ್ಜಿ, ಅಮ್ಮನ ಒಡೆದ ಬಳೆಚೂರುಗಳನ್ನು ಕಾಯಿ ಮಾಡಿಕೊಂಡು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅಜ್ಜಿ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಲೇ ನಮ್ಮ ಜಗಳ ಬಿಡಿಸುತ್ತಿದ್ದಳು. ಅಂಥ ಸುಖ ನನಗೆ ಆಮೇಲೆ ಯಾವ ಸೋಫಾದ ಮೇಲೂ ಸಿಕ್ಕಿಲ್ಲ.

ಆ ದಿನ ನನ್ನ ಉಳಿದ ಕಾಯಿಗಳೆಲ್ಲ ನಟ್ಟನಡುವಿನ ಮನೆ ಸೇರಿ, ಕೊನೆಯದೊಂದು ಅದರ ಪಕ್ಕದಲ್ಲೇ ನಿಂತಿತ್ತು. ಒಂದು ಬಿದ್ದರೆ ಸಾಕು, ಗೆದ್ದೆ. ಅಣ್ಣನ ಕಾಯಿಗಳು ಇನ್ನೂ ಹೊರಸುತ್ತಿನಲ್ಲೇ ಒದ್ದಾಡುತ್ತಿದ್ದವು. ನಾನು ಬೀಜ ಕೈಗೆತ್ತಿಕೊಳ್ಳುವಷ್ಟರಲ್ಲಿ ಅವನು ನೀರು ಕುಡಿದು ಬರುತ್ತೇನೆಂದು ಒಳಗೆ ಹೋದ. ಹೋದವನೇ, "ಅಜ್ಜೀ, ಹುಳ ಹಣ್ಣಾಗ್ಬುಟ್ಟವೆ!" ಎಂದು ಕೂಗಿದ.

ಮೈಬಣ್ಣ ತಿರುಗಿ ಹುಳ ಹಣ್ಣಾದರೆ ಮುಗಿಯಿತು, ಗೂಡು ಕಟ್ಟಲು ಹೊರಡುತ್ತವೆ. ಆಗಿಂದಾಗಲೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರ ತಟ್ಟಿಗೆ ಬಿಡದಿದ್ದರೆ ಕಂಡಕಂಡಲ್ಲಿ ನೂಲು ಸುತ್ತಿ ಬೆಳೆ ಹಾಳಾಗುತ್ತದೆ. ಅಪ್ಪ ಅಟ್ಟದಿಂದ ಚಂದ್ರಿಕೆಗಳನ್ನು ಇಳಿಸಿ ತಂದು ನೇರ ನಮ್ಮ ಆಟದ ಮೇಲೆಯೇ ಇಟ್ಟರು. ಬಳೆಚೂರು ಚೆಲ್ಲಾಪಿಲ್ಲಿ. ಹುಳದ ತಟ್ಟೆಗಳನ್ನು ಎಳೆದು ನೋಡಿದ ಅಜ್ಜಿ, "ಅಲ್ಲೊಂದು ಇಲ್ಲೊಂದು ಬಣ್ಣ ತಿರುಗೈತೆ ಅಷ್ಟೆ, ನಾಳಿಕ್ಕೆ ಹಣ್ಣಾಯ್ತವೆ" ಎಂದು ಗೊಣಗಿದಳು. ಅಳುತ್ತಿದ್ದ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಳಗಳಿಗೆ ಹಿಡಿಶಾಪ ಹಾಕಿದೆ.

ಈ ವರ್ಷ ಯುಗಾದಿಗೆ ತವರಿಗೆ ಹೋದಾಗ ಅಣ್ಣ ತನ್ನ ಮೊಮ್ಮಗಳ ಮುಂದೆ ಮತ್ತೆ ಅದೇ ಬಡಾಯಿ ಶುರುಮಾಡಿದ. ಈಗ ಹುಳಕ್ಕೆ ತೋಟದಲ್ಲಿ ಬೇರೆ ಶೆಡ್ಡಿದೆ, ನಡುಮನೆಗೆ ಟೈಲ್ಸ್ ಬಂದಿದೆ. ಮಗುವಿನ ಸೀಮೆಸುಣ್ಣ ತೆಗೆದುಕೊಂಡು ಟೈಲ್ಸಿನ ಮೇಲೆಯೇ ಮನೆ ಬರೆದೆ.

"ಬಾರಣ್ಣ, ಇವತ್ತು ಇತ್ಯರ್ಥ ಆಗ್ಬುಡ್ಲಿ."

ಆಟ ಮಧ್ಯಾಹ್ನದ ಒಬ್ಬಟ್ಟಿನ ಊಟವನ್ನೂ ಮರೆಸಿತು. ಕೊನೆಗೆ ನನ್ನದು ಮತ್ತೆ ಒಂದೇ ಕಾಯಿ, ನಡುವಿನ ಮನೆಯ ಪಕ್ಕದಲ್ಲಿ. ಅಣ್ಣ ಹಣೆ ಒರೆಸಿಕೊಂಡ. ಜೇಬಿನಿಂದ ಫೋನು ತೆಗೆದು ಕಿವಿಗಿಟ್ಟು, "ಹ್ಞೂಂ... ಹಣ್ಣಾಗ್ಬುಟ್ಟವಾ? ಬಂದೆ ಕಣ್ಲಾ" ಎನ್ನುತ್ತ ಎದ್ದೇ ನಿಂತ.

"ಏಳಮ್ಮಿ, ಶೆಡ್ಡಲ್ಲಿ ಹುಳ ಹಣ್ಣಾದವಂತೆ."

"ಫೋನು ರಿಂಗೇ ಆಗ್ಲಿಲ್ವಲ್ಲ ತಾತ" ಅಂದಳು ಮೊಮ್ಮಗಳು.

ಅಜ್ಜಿಯ ಅಂದಿನ ಗೊಣಗಾಟ ಆಗ ನೆನಪಾಯಿತು. ಪಾಪ, ಹುಳಗಳು! ಇಷ್ಟು ವರ್ಷ ಅವುಗಳನ್ನು ಬೈದೆನಲ್ಲ. ಅಣ್ಣನ ಪಂಚೆ ಹಿಡಿದೆಳೆದು ಕೂರಿಸಿದೆ.

"ನಾಳಿಕ್ಕೆ ಹಣ್ಣಾಯ್ತವೆ, ಕುಂತ್ಕೊಳಣ್ಣ" ಎಂದು ಬೀಜ ಹಾಕಿದೆ. ಒಂದು ಬಿತ್ತು.

ಈಗ ಹೊಸ ಮಾತು ಹಬ್ಬಿಸುತ್ತಿದ್ದಾನೆ. ತಂಗಿ ಅಳುತ್ತಾಳೆಂದು ಆಟವನ್ನು ತಾನೇ ಬಿಟ್ಟುಕೊಟ್ಟನಂತೆ!