ನೀರಿನ ಪಂಪನ್ನು ಬಿಟ್ಟು ಮಾಡಿದ ರಿಪೇರಿ

ಗ್ಯಾರೇಜಿನ ಮಹಬೂಬ್‌ಸಾಬ್ ಅಂದು ಬೆಳಿಗ್ಗೆ ನನಗೆ ಆ ಮಾತು ಹೇಳಿದ್ದರೇ, ಇಲ್ಲವೇ? ಖಂಡಿತವಾಗಿ ಹೇಳಲಾರೆ.

ಹೇಳಲೇ ಇಲ್ಲ ಎಂದು ಮೊದಲ ದಿನ ಆಣೆ ಮಾಡಲು ಸಿದ್ಧನಿದ್ದೆ. ಎರಡು ದಿನ ಕಳೆದ ಮೇಲೆ, ಏನೋ ಗೊಣಗಿದಂತಿತ್ತು ಅನ್ನಿಸಿತು. ಈಗಂತೂ ಅವರು ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, ಬಾನೆಟ್ಟನ್ನು ನೋಡುತ್ತ, ಸ್ಪಷ್ಟವಾಗಿ ಹೇಳುತ್ತಿರುವ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಇದು ನೆನಪೋ? ಜಗಳದ ಹೊತ್ತಿನಲ್ಲಿ ಅವರು ಹೇಳಿದ್ದನ್ನು ಕೇಳಿ ನನ್ನ ತಲೆ ಆಮೇಲೆ ಬಿಡಿಸಿಕೊಂಡ ಚಿತ್ರವೋ? ಸಾಕ್ಷಿ ಇಲ್ಲದೆ ಯಾವುದನ್ನೂ ನಂಬಬೇಡ ಎಂದು ಧಾರವಾಡದ ಯೂನಿವರ್ಸಿಟಿಯಲ್ಲಿ ಕಲಿತು ಬಂದವನು ನಾನು. ನನ್ನ ತಲೆಯನ್ನೇ ಸಾಕ್ಷಿ ಕೇಳಬೇಕಾದೀತು ಎಂದು ಅಲ್ಲಿ ಯಾರೂ ಹೇಳಿರಲಿಲ್ಲ.

ನಡೆದದ್ದನ್ನು ಹೇಳಿಬಿಡುತ್ತೇನೆ. ತೀರ್ಪು ನೀವೇ ಕೊಡಿ.

ನನ್ನ ಹತ್ತಿರ ಒಂದು ಕಾರಿದೆ. (ಕಾರು ಎನ್ನುವುದು ನನ್ನ ಮಾತು. ಓಣಿಯವರು 'ಮೇಷ್ಟ್ರ ಡಬ್ಬಿ' ಅನ್ನುತ್ತಾರೆ.) ಮೂವರ ಕೈ ದಾಟಿ ಬಂದದ್ದು. ಎಡಗಡೆಯ ಹಿಂದಿನ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಇದನ್ನು ಕೊಂಡದ್ದು ಷೋಕಿಗಲ್ಲ. ಚಿಗಟೇರಿಯಲ್ಲಿರುವ ನನ್ನ ಅಕ್ಕನಿಗೆ ಎದೆಯಲ್ಲಿ ಗಂಟಾಗಿ ಆಪರೇಷನ್ ಆಯಿತು. ಆಮೇಲೆ ದಾವಣಗೆರೆಯಲ್ಲಿ ಸೂಜಿಯ ಕೋರ್ಸು ಶುರುವಾಯಿತು. ಸೂಜಿ ಕೊಡುವ ದೊಡ್ಡ ಡಾಕ್ಟರು ಬೇರೆ ಊರಿನವರು, ಗುರುವಾರ ಮಧ್ಯಾಹ್ನದವರೆಗೆ ಮಾತ್ರ ಸಿಗುತ್ತಾರೆ. ಸೂಜಿ ಮುಗಿಸಿ ಬರುವಾಗ ಅಕ್ಕನಿಗೆ ತಲೆ ಎತ್ತಲಾಗುವುದಿಲ್ಲ. ಆ ಸ್ಥಿತಿಯಲ್ಲಿ ಬಸ್ಸಿನಲ್ಲಿ ನಿಂತುಕೊಂಡು ಬಾ ಎನ್ನುವುದು ಹೇಗೆ? ಅದಕ್ಕೇ ಕಾರು.

ಕಾರಿನ ಇಂಜಿನ್ ಕಾಯತೊಡಗಿತು. ನಮ್ಮ ಕೊಟ್ಟೂರಿನಿಂದ ಹತ್ತು ಮೈಲಿ ಹೋಗುವಷ್ಟರಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟುತ್ತಿತ್ತು. ಹರಪನಹಳ್ಳಿ ರಸ್ತೆಯಲ್ಲಿರುವ ಮಹಬೂಬ್‌ಸಾಬರ ಗ್ಯಾರೇಜಿಗೆ ಒಯ್ದೆ.

"ಎಷ್ಟಾಗತೈತಿ ಸಾಬ್ರೆ?"

"ಬಿಚ್ಚದ ಹೆಂಗ ಹೇಳಲಿ ಸರ? ಡಾಕ್ಟ್ರು ಹೊಟ್ಟಿ ಮುಟ್ಟಿ ನೋಡದ ಗುಳಿಗಿ ಬರಿತಾರೇನು?"

ಬಿಚ್ಚಿದರು. ನಮ್ಮ ಕಡೆ ಗ್ಯಾರೇಜಿಗೆ ಹೋದವರಿಗೆಲ್ಲ ಗೊತ್ತು, ಬಿಚ್ಚಿದ ಮೇಲೆ ಗಾಡಿ ಅರ್ಧ ಅವರದು. ಫ್ಯಾನ್ ಬೆಲ್ಟ್, ಹೋಸ್ ಪೈಪು, ರೇಡಿಯೇಟರ್ ಕ್ಲೀನಿಂಗು, ಜೊತೆಗೆ ನೀರಿನ ಪಂಪು. ಒಂದೊಂದರ ದರ ಬಿಡಿಸಿ ಹೇಳಿ, ಮಜೂರಿ ಸೇರಿಸಿ ಒಂದು ಒಟ್ಟು ಮೊತ್ತ ಹೇಳಿದರು. ಪಂಪಿನದೇ ದೊಡ್ಡ ಪಾಲು.

ಮೆಕ್ಯಾನಿಕ್ ಹೇಳಿದ ದರವನ್ನು ಹೇಳಿದ ಹಾಗೇ ಕೊಟ್ಟು ಬರುವವನನ್ನು ನಮ್ಮ ತಾಲ್ಲೂಕುಗಳಲ್ಲಿ ಏನೆನ್ನುತ್ತಾರೆ? ಮನೆಯಲ್ಲಿ ಹೆಂಡತಿ ಏನೆನ್ನುತ್ತಾಳೆ? ಸಂತೆಯಲ್ಲಿ ಮೆಣಸಿನಕಾಯಿಗೆ ಚೌಕಾಸಿ ಮಾಡಿದವನು ಇಂಜಿನ್ನಿಗೆ ಮಾಡಬೇಡವೇ? "ಸದ್ಯ ಇದ್ದಂಗ ಜೋಡಿಸಿ ಕೊಡ್ರಿ, ನಾಳೆ ಹೇಳ್ತೀನಿ" ಎಂದು ಗಾಡಿಯನ್ನು ಬಿಡಿಸಿಕೊಂಡು, ಮರುದಿನ ಅಲ್ಲಲ್ಲಿ ನಿಲ್ಲಿಸಿ ನೀರು ಹಾಕುತ್ತ ಹಗರಿಬೊಮ್ಮನಹಳ್ಳಿಯ ಇನ್ನೊಂದು ಗ್ಯಾರೇಜಿಗೆ ಓಡಿಸಿದೆ. ವೈಜ್ಞಾನಿಕ ವಿಧಾನ ನೋಡಿ, ಎರಡನೇ ಅಭಿಪ್ರಾಯ ಬೇಕು!

ಅಲ್ಲಿನ ಮಾಲೀಕ ಗಾಡಿಯನ್ನು ನೋಡುವ ಮೊದಲು ನನ್ನನ್ನು ನೋಡಿದ.

"ಯಾರು ಮುಟ್ಟ್ಯಾರ ಇದನ್ನ?"

ಹೇಳಿದೆ.

"ಹೋಗ್ಲಿ ಬಿಡ್ರಿ! ಅವರೇನು, ಎಲ್ಲಾ ಬದಲಿ ಮಾಡ್ಸತಾರ. ಹಾರನ್ ಬರದಿದ್ರ ಇಂಜಿನ್ ಇಳಸೋ ಮಂದಿ. ಇದಕ್ಕೇನೂ ಆಗಿಲ್ರಿ, ಬೆಲ್ಟು, ಪೈಪು ಅಷ್ಟಾ." ಬಾನೆಟ್ ಎತ್ತದೆಯೇ ಅರ್ಧ ಮೊತ್ತ ಹೇಳಿದ. ಕೆಲಸ ಮಾತ್ರ ಮುಂದಿನ ವಾರವಂತೆ.

ನನಗೆ ಮುಂದಿನ ವಾರ ಎಲ್ಲಿದೆ? ಬರುವ ಗುರುವಾರವೇ ಅಕ್ಕನ ಸೂಜಿ. ಆ ಅರ್ಧವನ್ನು ಹಿಡಿದುಕೊಂಡು ಮಹಬೂಬ್‌ಸಾಬರ ಬಳಿಗೇ ಬಂದೆ.

"ಬೊಮ್ಮನಳ್ಳ್ಯಾಗ ಅರ್ಧಕ್ಕ ಮಾಡ್ತಾರಂತ ಸಾಬ್ರೆ."

"ಹಂಗಾರ ಅಲ್ಲೇ ಬಿಟ್ಟು ಬರಬೇಕಿತ್ತಲ್ರಿ, ಇಲ್ಲಿಗ್ಯಾಕ ತಂದ್ರಿ?" ನಕ್ಕರು. ಆಮೇಲೆ ನಗಲಿಲ್ಲ. "ದೂರ ಹೊಂಟೀರೇನು?"

ಈ ಪ್ರಶ್ನೆಗೆ ನಾವೆಲ್ಲ ಏನು ಉತ್ತರ ಕೊಡುತ್ತೇವೆ? ಅವಸರ ಇದೆ ಎಂದು ಮೆಕ್ಯಾನಿಕ್‌ಗೆ ಗೊತ್ತಾದರೆ ದರ ಏರುತ್ತದೆ, ಇದು ನಮಗೆ ಯಾರೂ ಕಲಿಸದೆ ಬಂದಿರುವ ವಿದ್ಯೆ. ಮದುವೆ ಇದ್ದರೂ ಸುಮ್ಮನೆ ಬಂದೆ ಅನ್ನುತ್ತೇವೆ. ಹೆರಿಗೆ ಇದ್ದರೂ ನಿಧಾನ ಆಗಲಿ ಅನ್ನುತ್ತೇವೆ.

"ಏ ಇಲ್ರಿ, ಇಲ್ಲೇ ಹರಪನಹಳ್ಳಿತನ ಹೋಗಿ ಬರೋದು" ಅಂದೆ.

"ಹಂಗಾರ ಅಡ್ಜಸ್ಟ್ ಮಾಡೋಣ ತಗೋರಿ."

ಗೆದ್ದೆ ಅಂದುಕೊಂಡೆ. ಮನೆಗೆ ಬಂದು ಹೇಳಿಕೊಂಡೆ ಕೂಡ.

ಬುಧವಾರ ಸಂಜೆಯೇ ಅಕ್ಕ ಕೊಟ್ಟೂರಿಗೆ ಬಂದಿದ್ದಳು. ಗುರುವಾರ ಬೆಳಿಗ್ಗೆ ಇಬ್ಬರೂ ಗ್ಯಾರೇಜಿಗೆ ಹೋಗಿ, ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಹಣ ಕೊಟ್ಟು ಹೊರಟೆವು. ನನಗೆ ಖಾತ್ರಿಯಿಲ್ಲದ ಆ ಮಾತನ್ನು ಸಾಬರು ಹೇಳಿದ್ದರೆ, ಹೇಳಿದ್ದು ಆಗಲೇ.

ಉಚ್ಚಂಗಿದುರ್ಗದ ಗುಡ್ಡ ಕಾಣುವ ಹೊತ್ತಿಗೆ ಬಾನೆಟ್ಟಿನಿಂದ ಹಬೆ ಎದ್ದಿತು. ಹೊಲವೊಂದರ ಬೋರಿನಿಂದ ಕೊಡದಲ್ಲಿ ನೀರು ತಂದು ಸುರಿದೆ. ಮೇಲಿನಿಂದ ಹಾಕಿದ್ದು ಕೆಳಗೆ ಹಳೆಯ ಪಂಪಿನಿಂದಲೇ ಸೋರಿಹೋಯಿತು. ಅಕ್ಕ ಜಾಲಿ ಮರದ ಕೆಳಗೆ ಸೆರಗು ಹೊದ್ದು ಕುಳಿತಿದ್ದಳು. ಕೊನೆಗೆ ಈರುಳ್ಳಿ ಚೀಲ ತುಂಬಿದ ಒಂದು ಟೆಂಪೋ ನಿಂತಿತು, ಕಾರನ್ನು ಅಲ್ಲೇ ಬಿಟ್ಟು ಹತ್ತಿದೆವು. ನಾವು ದಾವಣಗೆರೆ ಮುಟ್ಟುವಷ್ಟರಲ್ಲಿ ಡಾಕ್ಟರು ಊರಿಗೆ ಹೋಗಿಯಾಗಿತ್ತು. "ನಡುವೆ ತಪ್ಪಿಸಬಾರದಿತ್ತು" ಎಂದಳು ನರ್ಸಮ್ಮ. ಅದನ್ನು ನನಗೆ ಹೇಳಿದ್ದರೆ ಆಗುತ್ತಿತ್ತು. ಅಕ್ಕನ ಮುಖ ನೋಡಿ ಹೇಳಿದಳು.

ಮರುದಿನ ಗ್ಯಾರೇಜಿನಲ್ಲಿ ನಾನು ಕೂಗಾಡಿದೆ. ಎದುರಿನ ಪಂಕ್ಚರ್ ಅಂಗಡಿಯವರೂ ಕೆಲಸ ಬಿಟ್ಟು ನೋಡಿದರು.

"ಪಂಪು ಹಾಕಿಲ್ಲ ಅಂತ ಯಾಕ ಹೇಳಲಿಲ್ಲ ನೀವು?"

"ಹೇಳೀನ್ರಿ ಸರ! ಪಂಪು ಬಿಟ್ಟೀನಿ, ಊರಾಗ ಅಡ್ಡಾಡಾಕ ತಡಿತೈತಿ, ದೂರ ಒಯ್ಯಬ್ಯಾಡ್ರಿ ಅಂತ ಹೇಳೀನಿ. ಅಕ್ಕಾರು ಹಿಂದ ಕುಂತಿದ್ರಲ್ಲ, ಕೇಳ್ರಿ."

"ಸುಳ್ಳು!"

"ಅಲ್ಲಾನ ಆಣಿ. ಅರ್ಧ ರೊಕ್ಕಕ್ಕ ಪೂರಾ ಕೆಲಸ ಯಾವ ಊರಾಗ ಮಾಡ್ತಾರ? ನೀವಾ ಹೇಳ್ರಿ, ಓದಿದೋರು ಅದೀರಿ." ದನಿ ಇಳಿಸಿ ಕೇಳಿದರು: "ಅಲ್ರಿ, ದವಾಖಾನಿಗೆ ಹೊಂಟೀವಿ ಅಂತ ಒಂದು ಮಾತು ಅಂದಿದ್ರ, ಪಂಪು ಉದ್ರಿ ಹಾಕಿ ಕಳಸ್ತಿದ್ದೆ. ಯಾಕ ಹೇಳಲಿಲ್ಲ ನೀವು?"

ಇದನ್ನು ನಂಬಬೇಕೇ? ಆದದ್ದು ಆದ ಮೇಲೆ ಯಾರು ಬೇಕಾದರೂ ಉದ್ರಿ ಕೊಟ್ಟಾರು. ಅಂದು ಮೊದಲೇ ದವಾಖಾನೆ ಅಂದಿದ್ದರೆ ಪಂಪಿನ ಜೊತೆ ಇನ್ನೂ ನಾಲ್ಕು ಸಾಮಾನು ಹಾಳಾಗಿರುತ್ತಿದ್ದವೋ ಏನೋ. ನನಗೆ ತಿಳಿಯದು. ತಿಳಿಯುವ ದಾರಿಯೂ ಇಲ್ಲ, ನನ್ನ ದುಃಖ ಇದೇ. ನಾವು ಅರ್ಧ ಕೇಳುತ್ತೇವೆಂದು ಅವರು ಎರಡು ಪಟ್ಟು ಹೇಳುತ್ತಾರೆ. ಅವರು ಎರಡು ಪಟ್ಟು ಹೇಳುತ್ತಾರೆಂದು ನಾವು ಅರ್ಧ ಕೇಳುತ್ತೇವೆ. ಈ ನಡುವೆ ಯಾವನೋ ಒಬ್ಬ ಸರಿಯಾದ ದರವನ್ನೇ ಹೇಳಿಬಿಟ್ಟರೆ, ಅದನ್ನು ಗುರುತಿಸಲು ನಮ್ಮ ಹತ್ತಿರ ಏನಿದೆ? ಸತ್ಯವಾದ ಎಸ್ಟಿಮೇಟಿಗೂ ಸುಳ್ಳು ಎಸ್ಟಿಮೇಟಿಗೂ ದನಿ ಒಂದೇ. ಎರಡನ್ನೂ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಹೇಳುತ್ತಾರೆ.

ಮನೆಗೆ ಬಂದು ಅಕ್ಕನನ್ನು ಕೇಳಿದೆ. "ಸಾಬ್ರು ಪಂಪಿನ ಮಾತು ಅಂದ್ರೇನಕ್ಕ, ನಿನಗ ಕೇಳಿತೇನು?"

ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನನಗ್ಯಾಕ ಕೇಳ್ತೀಯಲೇ? ಅವ ಅಂದಿದ್ರೂ ಅಷ್ಟಾ, ಬಿಟ್ಟಿದ್ರೂ ಅಷ್ಟಾ. ಇಬ್ರೂ ಕೂಡಿ ಚೌಕಾಸಿ ಮಾಡಿದ್ರಿ. ಗಾಡ್ಯಾಗ ಒಬ್ಬಾಕಿ ಕುಂತಾಳ ಅನ್ನೋದು ಇಬ್ರಿಗೂ ನೆಪ್ಪಿರಲಿಲ್ಲ."

ಮುಂದಿನ ಗುರುವಾರ ಅವಳು ಹೊರಡಲಿಲ್ಲ. "ಒಂದು ಸೂಜಿ ತಪ್ಪೈತಲ್ಲ, ಇನ್ನ ಉಳಿದವು ಯಾಕ? ಸಾಕು ಬಿಡು. ಆ ಸೂಜಿ ಚುಚ್ಚಿಸ್ಕೊಂಡೋಳಿಗೆ ಗೊತ್ತು" ಎಂದು, ನಾನು ಎಷ್ಟು ಬೇಡಿಕೊಂಡರೂ ಕೇಳದೆ, ಚಿಗಟೇರಿ ಬಸ್ಸು ಹತ್ತಿ ಹೋದಳು. ಹೇಗೂ ಬಿಡುವವಳಿದ್ದಳೋ, ಆ ಗುರುವಾರ ಒಂದು ನೆಪ ಕೊಟ್ಟಿತೋ? ಇದಕ್ಕೂ ಎಸ್ಟಿಮೇಟ್ ಕೊಡುವವರು ಯಾರೂ ಇಲ್ಲ. ಈಗ ಆಪರೇಷನ್ ಆದ ಕಡೆಯ ಕೈ ಊದಿಕೊಂಡಿದೆಯಂತೆ. ಫೋನಿನಲ್ಲಿ ಮಾತ್ರ "ಆರಾಮದೀನಿ" ಅನ್ನುತ್ತಾಳೆ.

ಕಳೆದ ವಾರ ಡಾಕ್ಟರನ್ನು ಕಾಣಲು ನಾನೊಬ್ಬನೇ ದಾವಣಗೆರೆಗೆ ಹೋಗಿದ್ದೆ. ರೋಗಿಯನ್ನು ನೋಡದೆ ಏನು ಹೇಳಲಿ ಎಂದರು. ಅವರದ್ದೂ ಸರಿ. ಹೊರಗೆ ಬಂದವನು ಸುಮ್ಮನೆ ಬಸ್‌ಸ್ಟ್ಯಾಂಡಿಗೆ ಹೋಗಬೇಕಿತ್ತು. ದಾರಿಯಲ್ಲಿ ಸಾಲು ಸಾಲು ಸ್ಪೇರ್ ಪಾರ್ಟ್ಸ್ ಅಂಗಡಿ. ಒಂದರೊಳಗೆ ಹೋಗಿ ಕಾರಿನ ಹೆಸರು ಹೇಳಿ, ನೀರಿನ ಪಂಪಿನ ದರ ಕೇಳಿದೆ. ನಂಬಲಾಗದೆ ಪಕ್ಕದ ಅಂಗಡಿಯಲ್ಲೂ ಕೇಳಿದೆ.

ಮಹಬೂಬ್‌ಸಾಬ್ ಮೊದಲ ದಿನ ಹೇಳಿದ್ದು ಅದೇ ದರ, ಒಂದು ರೂಪಾಯಿಯೂ ಹೆಚ್ಚಿಗೆ ಇರಲಿಲ್ಲ.