ವೇಣುಗೋಪಾಲರ ‘ನೋಡೋಣ’

ರೈಲಿಗೆ ಹಳಿ ಬೇಕು, ಬೋಗಿ ಬೇಕು ಎಂಬುದನ್ನು ಎಲ್ಲರೂ ಬಲ್ಲರು. ಅವೆಲ್ಲಕ್ಕಿಂತ ಮೊದಲು ಸಾಲ ಬೇಕೆಂಬುದನ್ನು ಬಲ್ಲವರು ಕೆಲವರೇ. ಆ ಕೆಲವರಲ್ಲಿ ಲಂಡನ್ ಕನ್ನಡಿಗರು ಹೆಮ್ಮೆಯಿಂದ ಹೆಸರಿಸುವವರು, ಸ್ಟ್ರಾಟ್‌ಫರ್ಡಿನ ರೈಲುಬೋಗಿ ಕಂಪನಿಯ ಹಣಕಾಸು ಮುಖ್ಯಸ್ಥರಾಗಿ ಈಗ ನಿವೃತ್ತರಾಗುತ್ತಿರುವ ಶ್ರೀ ವೇಣುಗೋಪಾಲರು.

ಮೈಸೂರಿನಿಂದ ಬಂದು ಗ್ರೀನ್‌ಫರ್ಡಿನಲ್ಲಿ ನೆಲೆಸಿದ ಅವರು ಕೆಲಸಕ್ಕೆ ಸೇರಿದಾಗ ಕಂಪನಿಗೆ ಸಾಲ ಕೊಡುತ್ತಿದ್ದುದು ಒಂದೇ ಬ್ಯಾಂಕು. ಅದರ ಅಧಿಕಾರಿ ಹ್ಯೂ ಪೆಂಬರ್ಟನ್ ಹೊಸಬರಾದ ಇವರಿಗೆ ಈ ವ್ಯವಹಾರದ ಒಳಹೊರಗನ್ನು ಕಲಿಸಿದವರು, ಕೋವಿಡ್ ವರ್ಷದಲ್ಲಿ ಕಂಪನಿಯ ಕೈಹಿಡಿದವರು. ಆದರೂ ಮುಂದಿನ ಬೋಗಿಗಳ ಸಾಲಕ್ಕೆ ಬಹಿರಂಗ ಟೆಂಡರ್ ಕರೆಯಬೇಕೆಂದು ಪಟ್ಟು ಹಿಡಿದವರು ಸ್ವತಃ ವೇಣುಗೋಪಾಲರೇ!

ಊಟದ ಮೇಜಿನಲ್ಲಿ ಪೆಂಬರ್ಟನ್ ಕೇಳಿದರು: “ಎಂದಿನಂತೆ ನಮಗೇ ತಾನೇ?” ಆಪ್ತಮಿತ್ರನ ಮುಖಕ್ಕೆ ಇಲ್ಲವೆನ್ನಲು ಇವರಿಗೆ ಬಾಯಿ ಬರಲಿಲ್ಲ. “ಲೆಟ್ ಅಸ್ ಸೀ” ಎಂದುಬಿಟ್ಟರು. ನಮ್ಮಲ್ಲಿ ‘ನೋಡೋಣ’ ಎಂದರೆ ಏನರ್ಥವೆಂದು ಕನ್ನಡ ಸಂಘದ ಚಂದಾ ಎತ್ತಲು ಹೋದವರನ್ನು ಕೇಳಿ! ಪಾಪ, ಪೆಂಬರ್ಟನ್ ಅದನ್ನೇ ಭರವಸೆ ಎಂದುಕೊಂಡರು. ಟೆಂಡರ್ ಪತ್ರ ಕೈಸೇರಿದರೂ ಅದು ಬರೀ ಶಾಸ್ತ್ರಕ್ಕೆಂದು ಬದಿಗಿಟ್ಟು, ಇವರ ಕರೆಗಾಗಿ ಕಾದರು.

ಶುಕ್ರವಾರ ಹನ್ನೆರಡಕ್ಕೆ ಗಡುವು ಮುಗಿಯಿತು. ಐದು ಬ್ಯಾಂಕುಗಳ ಬಡ್ಡಿದರ ಬಂದಿತ್ತು, ಪೆಂಬರ್ಟನ್ನರದು ಬಂದಿರಲಿಲ್ಲ. ಹನ್ನೆರಡೂವರೆಗೆ ಅವರ ಗಾಬರಿಯ ಫೋನು.

“ಸಾರ್, ಇನ್ನೂ ಯಾವ್ದನ್ನೂ ಓಪನ್ ಮಾಡಿಲ್ಲ. ಒಂದು ಗಂಟೆ ಟೈಮ್ ಕೊಟ್ರೆ ಯಾರಿಗೆ ಗೊತ್ತಾಗತ್ತೆ?” ಎಂದರು ವೇಣುಗೋಪಾಲರ ಕೈಕೆಳಗಿದ್ದ ಬೃಂದಾ.

“ನಂಗೆ ಗೊತ್ತಾಗತ್ತಲ್ಲಮ್ಮ” ಎಂದ ವೇಣುಗೋಪಾಲರು, ಗಡುವು ಮುಗಿದಿದೆ ಎಂದು ಫೋನಿನಲ್ಲಿ ಹೇಳಿಬಿಟ್ಟರು.

ಇಪ್ಪತ್ತು ವರ್ಷದ ಸ್ನೇಹ ಇಂದಿಗೆ ಮುಗಿಯಿತೆಂದುಕೊಂಡೇ ಅಂದು ಸಂಜೆ ಟ್ಯೂಬ್ ರೈಲು ಹತ್ತಿ ಪೆಂಬರ್ಟನ್ನರಲ್ಲಿಗೆ ಹೋದರು. ತಮ್ಮ ಮಾತಿನ ಅರ್ಥ ತಿಳಿಸಿ, ಅಂದೇ ನೇರವಾಗಿ ಹೇಳದ ತಪ್ಪು ತಮ್ಮದೇ ಎಂದು ಕ್ಷಮೆ ಕೇಳಿದರು. ಸಾಲ ಬೇರೆ ಬ್ಯಾಂಕಿನ ಪಾಲಾಯಿತು, ಜೊತೆಯೂಟ ನಿಂತಿತು. ಅಷ್ಟು ಕಟ್ಟುನಿಟ್ಟು ಬೇಕಿತ್ತೇ ಎಂದು ಬೃಂದಾ ಇವತ್ತಿಗೂ ಗೊಣಗುತ್ತಾರೆ.

ಮುಂದಿನ ಟೆಂಡರಿಗೆ ಪೆಂಬರ್ಟನ್ನರ ದರ ಎರಡು ದಿನ ಮೊದಲೇ ಬಂತು. ಕೂದಲೆಳೆಯ ಅಂತರದಲ್ಲಿ ಸೋತಿತು. ಮರುದಿನವೇ ಅವರ ಫೋನು: “ಊಟಕ್ಕೆ ಬರುತ್ತೀರಾ?” ವೇಣುಗೋಪಾಲರು “ಬರುತ್ತೇನೆ” ಎಂದರು. ‘ನೋಡೋಣ’ ಎಂಬುದನ್ನು ಅವರು ಆಗಲೇ ಬಿಟ್ಟಾಗಿತ್ತು.

ಮೊನ್ನೆ ಬೀಳ್ಕೊಡುಗೆಯಲ್ಲಿ ಬೃಂದಾ, “ಸಾರ್, ಭಾನುವಾರ ನಮ್ಮ ಆಫೀಸಿನ ಹೊಸಬರಿಗೆ ಪಾಠ ಮಾಡ್ಬೇಕು, ನೂರು ವರ್ಷ ಬಾಳ್ಬೇಕು” ಎಂದರು.

“ಪಾಠಕ್ಕೆ ಬರ್ತೀನಿ” ಎಂದು ಒಪ್ಪಿದ ವೇಣುಗೋಪಾಲರು, ನೂರು ವರ್ಷದ ಮಾತಿಗೆ ಮಾತ್ರ ಪಕ್ಕದಲ್ಲಿ ಕುಳಿತಿದ್ದ ಪೆಂಬರ್ಟನ್ನರತ್ತ ತಿರುಗಿ ನಕ್ಕರು: “ಲೆಟ್ ಅಸ್ ಸೀ.”

ಆ ಮಾತಿಗೆ ಅಂದು ಪೆಂಬರ್ಟನ್ ಮಾಡಿಕೊಂಡ ಅರ್ಥವೇ ಈ ಒಂದು ಸಲ ನಿಜವಾಗಲಿ.